ಲೆಕ್ಕಕ್ಕೆ ಸೇರದ ಚಾಕು

ಸೋಫಾಕ್ಕನ ಕೆಲಸದ ಅಂಗಿಯಲ್ಲಿ ಬಲಗಡೆಯ ಜೇಬು ಎಡಗಡೆಯದಕ್ಕಿಂತ ಬೇಗ ಸವೆಯುತ್ತಿತ್ತು. ಹಾಗಾಗಿ ಹೊಸ ಅಂಗಿ ಹೊಲಿದುಕೊಳ್ಳುವಾಗಲೇ ಆ ಜೇಬಿಗೆ ಎರಡು ಪದರ ಬಟ್ಟೆ ಹಾಕಿಬಿಡುತ್ತಿದ್ದಳು. ಅದರೊಳಗೆ ಒಂದು ಮಡಚುವ ಚಾಕು ವಾಸವಾಗಿತ್ತು. ಬೆರಳುದ್ದದ ಅಲಗು, ಕೈಬೆವರು ಕುಡಿದು ಕಪ್ಪಾದ ಮರದ ಹಿಡಿ. ಅದನ್ನು ಯಾರೂ ಅವಳಿಗೆ ಪ್ರೀತಿಯಿಂದ ಕೊಟ್ಟದ್ದಲ್ಲ, ಅದರ ಹಿಂದೆ ಕಥೆಯೂ ಇಲ್ಲ. ಹನ್ನೆರಡು ವರ್ಷದ ಹಿಂದೆ ಹಿತ್ತಿಲ ಬಾಗಿಲಿಗೆ ಬೀಗ ತರಲೆಂದು ಹಾರ್ಡ್‌ವೇರ್ ಅಂಗಡಿಗೆ ಹೋದವಳು ಬೀಗ ಮರೆತು ಚಾಕು ಕೊಂಡು ಬಂದಿದ್ದಳು. ಆ ಬಾಗಿಲಿಗೆ ಇವತ್ತಿಗೂ ಬೀಗವಿಲ್ಲ.

ಬೆಳಿಗ್ಗೆ ಹಾಲಿನ ಪೊಟ್ಟಣದ ಮೂಲೆ ಕತ್ತರಿಸುವುದರಿಂದ ಅದರ ದಿನ ಶುರುವಾಗುತ್ತಿತ್ತು. ಆಮೇಲೆ ಅತ್ತೆಯ ಮಾತ್ರೆಯ ಹಾಳೆ, ಗಂಡನ ಕನ್ನಡಕದ ತಿರುಪು, ಚಪ್ಪಲಿಯಡಿ ಸಿಕ್ಕಿಕೊಂಡ ಜಲ್ಲಿಕಲ್ಲು, ಪಕ್ಕದ ಮನೆಯವರ ಡಬ್ಬಿಯ ಮುಚ್ಚಳ. ಬಸ್ಸಿನಲ್ಲಿ ಒಮ್ಮೆ ಕಂಡಕ್ಟರನ ಚೀಲದ ಜಿಪ್ಪು ಕಚ್ಚಿಕೊಂಡಾಗ ಇಡೀ ಬಸ್ಸೇ ಅವಳ ಜೇಬಿನ ಕಡೆ ನೋಡಿತ್ತು. ಯಾರಾದರೂ ಒಂದು ಸೇಬನ್ನು ಕೈಯಲ್ಲಿ ಹಿಡಿದು ಅತ್ತಿತ್ತ ನೋಡಿದರೆ ಸಾಕು, ಕೇಳುವ ಮೊದಲೇ ಚಾಕು ಹೊರಗೆ ಬರುತ್ತಿತ್ತು. ಅವಳ ಅತ್ತೆ ಅದಕ್ಕೆ ಕಿರಿಮಗ ಎಂದು ಹೆಸರಿಟ್ಟಿದ್ದರು. ಕರೆದ ಕೂಡಲೇ ಬರುವ ಮಗ ಈ ಮನೆಯಲ್ಲಿ ಇವನೊಬ್ಬನೇ ಎಂದು, ಹಿರಿಮಗ ಎದುರಿಗೇ ಕೂತು ಪೇಪರ್ ಓದುತ್ತಿರುವಾಗ, ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದರು. ಹಿರಿಮಗ, ಅಂದರೆ ಸೋಫಾಕ್ಕನ ಗಂಡ, ನೀರಿನ ಮೀಟರ್ ಓದುವ ಕೆಲಸದವನು. ಏನೇ ಅಂದರೂ ಅಂಕಿ ಬರೆದುಕೊಂಡವನಂತೆ ತಲೆಯಾಡಿಸಿ ಪುಟ ತಿರುಗಿಸುತ್ತಿದ್ದ.

ಹಳೆಯ ಸೋಫಾ, ಕುರ್ಚಿ, ದಿವಾನಗಳಿಗೆ ಹೊಸ ಹೊಟ್ಟೆ, ಹೊಸ ಚರ್ಮ ಕೊಡುವುದು ಅವಳ ಕಸುಬು. ಇಪ್ಪತ್ತು ತುಂಬುವ ಮೊದಲು, ಎರಡು ತಿಂಗಳ ಮಟ್ಟಿಗೆ ದಿಂಬಿನ ಗವಸು ಹೊಲಿದುಕೊಡಲೆಂದು ದೊಡ್ಡಪ್ಪನ ಅಂಗಡಿಗೆ ಬಂದವಳು. ಆ ಎರಡು ತಿಂಗಳು ಇನ್ನೂ ಮುಗಿದಿರಲಿಲ್ಲ. ಮೊದಲು ಬಟ್ಟೆ, ಆಮೇಲೆ ಹತ್ತಿ, ಆಮೇಲೆ ನಾರು, ಕೊನೆಗೆ ಸ್ಪ್ರಿಂಗ್ ಕಟ್ಟುವುದು. ಹೊರಗಿನಿಂದ ಒಳಕ್ಕೆ ಒಂದೊಂದೇ ಪದರ ದಾಟಿ ಕಲಿತಳು. ಕುರ್ಚಿಯ ಮೇಲೆ ಅಂಗೈ ಒತ್ತಿದರೆ ಒಳಗೆ ಯಾವ ದಾರ ಸಡಿಲವಾಗಿದೆ ಎಂದು ಹೇಳಬಲ್ಲಷ್ಟು ಕಲಿತಳು. ಜನರ ಮೈ ಕೂಡ ಅವಳಿಗೆ ಹಾಗೇ ಅರ್ಥವಾಗುತ್ತಿತ್ತು. ಯಾರು ಒಂದೇ ಪಕ್ಕಕ್ಕೆ ವಾಲಿ ಕೂರುತ್ತಾರೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಸೋಫಾದ ಎರಡು ತುದಿಗಳನ್ನು ಮಾತ್ರ ಸವೆಸಿದ್ದಾರೆ, ಎಲ್ಲವೂ ಗೊತ್ತಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ದೊಡ್ಡಪ್ಪನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಯಾವುದೇ ಸೋಫಾದ ಕೊನೆಯ ಹೊಲಿಗೆ ಹಾಕುವ ಮುಂಚೆ ಸಲಕರಣೆಗಳನ್ನು ಬೆರಳು ಮಡಚಿ ಬಾಯಿಬಿಟ್ಟು ಎಣಿಸಬೇಕು. ಸುತ್ತಿಗೆ, ಸೂಜಿ, ಕತ್ತರಿ, ಸೀಮೆಸುಣ್ಣ, ಅಳತೆಪಟ್ಟಿ. ಐದೂ ಕಣ್ಣಿಗೆ ಬಿದ್ದರೆ ಮಾತ್ರ ಮುಚ್ಚಬೇಕು. ಇದಕ್ಕೆ ಕಾರಣ, ಪ್ರಾಯದಲ್ಲಿ ದೊಡ್ಡಪ್ಪ ತಮ್ಮ ಕನ್ನಡಕವನ್ನೇ ಯಾರದೋ ಆರಾಮಕುರ್ಚಿಯೊಳಗೆ ಇಟ್ಟು ಹೊಲಿದು, ನಾಲ್ಕು ದಿನ ಗೋಡೆ ತಡವಿಕೊಂಡು ಓಡಾಡಿದ್ದರು. ಅಂದಿನಿಂದ ಬಂದ ಎಣಿಕೆ ಅದು. ಸೋಫಾಕ್ಕ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ಆ ಐದರಲ್ಲಿ ಚಾಕು ಇರಲಿಲ್ಲ. ಚಾಕು ಅಂಗಡಿಯದ್ದಲ್ಲ, ಜೇಬಿನದ್ದು. ತನ್ನ ಮೂಗನ್ನು ಯಾರಾದರೂ ಸಾಮಾನಿನ ಲೆಕ್ಕಕ್ಕೆ ಸೇರಿಸುತ್ತಾರೆಯೇ?

ಮೂರು ತಿಂಗಳ ಹಿಂದೆ ದೊಡ್ಡಪ್ಪ ಅಂಗಡಿಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟಿದ್ದರು ಎಂದರೆ, ಒಳಗಿದ್ದ ತಮ್ಮ ಕುರ್ಚಿಯನ್ನು ಬಾಗಿಲಿಗೆ ತಂದು ಹಾಕಿಕೊಂಡು, ಹೋಗುವವರಿಗೂ ಬರುವವರಿಗೂ ಈಗ ಎಲ್ಲ ಅವಳದೇ ಎಂದು ಹೇಳುತ್ತ, ಅವಳು ಹೊಡೆದ ಒಂದೊಂದು ಮೊಳೆಯ ಸದ್ದಿಗೂ ಕತ್ತು ತಿರುಗಿಸುತ್ತಿದ್ದರು. ಆಗ ಬಂದದ್ದೇ ಹಲ್ಲಿನ ಡಾಕ್ಟರ ಸೋಫಾ. ಕಾಯುವ ಕೋಣೆಯದು, ಮೂರು ಜನ ಕೂರುವಂಥದ್ದು. ಊರಿನಲ್ಲಿ ಹಲ್ಲಿಲ್ಲದವರನ್ನು ಬಿಟ್ಟು ಉಳಿದವರೆಲ್ಲ ಒಂದಲ್ಲ ಒಂದು ದಿನ ಕೂರಲೇಬೇಕಾದ ಜಾಗ. ಅವಳು ಆ ಸೋಫಾಗೆ ಎಂಟು ದಿನ ಕೊಟ್ಟಳು. ಇಪ್ಪತ್ತೇಳು ಸ್ಪ್ರಿಂಗುಗಳನ್ನೂ ಬಿಚ್ಚಿ ಹೊಸದಾಗಿ ಕಟ್ಟಿದಳು. ದಟ್ಟ ಹಸಿರು ಬಟ್ಟೆ, ಅಂಚಿಗೆ ಅದೇ ಬಣ್ಣದ ಹುರಿ. ನೋಡಿದರೆ, ಹಲ್ಲುನೋವಿಲ್ಲದಿದ್ದರೂ ಒಂದು ಗಳಿಗೆ ಕೂತು ಹೋಗೋಣ ಎನ್ನಿಸುವಂತಿತ್ತು. ಶನಿವಾರ ಮಧ್ಯಾಹ್ನ ವ್ಯಾನಿನವನು ಹೇಳಿದ ಹೊತ್ತಿಗಿಂತ ಮುಂಚೆ ಬಂದು ಹಾರ್ನ್ ಹೊಡೆದ. ಅವಳು ಬಟ್ಟೆ ಎಳೆದು ಬಿಗಿ ಮಾಡಿ, ಐದು ಬೆರಳು ಮಡಚಿ ಎಣಿಸಿ, ಕೊನೆಯ ಹೊಲಿಗೆ ಹಾಕಿ ಗಂಟಿಟ್ಟಳು. ಸಂಜೆ ನಾಲ್ಕಕ್ಕೆ ಡಾಕ್ಟರು ಬಾಗಿಲು ತೆರೆಯುವ ಹೊತ್ತಿಗೆ ಸೋಫಾ ಅಲ್ಲಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ಮಾತ್ರೆಯ ಹಾಳೆ ಚಾಚಿ, ಎಲ್ಲಿ ನನ್ನ ಕಿರಿಮಗ ಎಂದರು. ಸೋಫಾಕ್ಕನ ಕೈ ತಾನಾಗಿ ಜೇಬಿಗೆ ಇಳಿಯಿತು. ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಾಗ ನೆಲವೇ ಬಂದುಬಿಟ್ಟ ಹಾಗಾಯಿತು. ಜೇಬಿನಲ್ಲಿ ಸುಣ್ಣದ ಚೂರು, ನೂಲಿನ ಎಳೆ, ಬೇರೇನೂ ಇಲ್ಲ.

ಮನೆಯೆಲ್ಲ ಹುಡುಕಿದಳು. ಅಂಗಡಿಗೆ ಹೋಗಿ ನಾರಿನ ರಾಶಿ ಕೆದರಿದಳು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಆಗಿರಲಿ ದೇವರೇ ಎಂದು ನಾಲ್ಕು ಸಲ ಜೇಬು ಮುಟ್ಟಿ ನೋಡಿಕೊಂಡಳು. ಆಗಿರಲಿಲ್ಲ. ಗಂಡ ಮೀಟರ್ ಓದುವ ದನಿಯಲ್ಲೇ, ಕೊನೆಗೆ ಯಾವಾಗ ಕೈಯಲ್ಲಿ ಹಿಡಿದಿದ್ದೆ ಎಂದು ಕೇಳಿದ. ಅವಳು ಕಣ್ಣು ಮುಚ್ಚಿದಳು. ತಲೆಗೆ ನೆನಪಿರಲಿಲ್ಲ, ಕೈಗೆ ನೆನಪಿತ್ತು. ಸೋಫಾದ ಎಡಮೂಲೆ. ದಾರದ ತುದಿ ಉದ್ದವಾಗಿತ್ತು, ಕತ್ತರಿಸಿದ್ದಳು. ಹತ್ತಿ ಒಂದು ಕಡೆ ಗಂಟಾಗಿತ್ತು, ಎರಡೂ ಕೈಯಿಂದ ಬಿಡಿಸಬೇಕೆಂದು ಚಾಕುವನ್ನು ಅಲ್ಲೇ, ಹತ್ತಿಯ ಮೇಲೆ ಇಟ್ಟಿದ್ದಳು. ಆಗಲೇ ಹಾರ್ನ್ ಕೇಳಿಸಿತ್ತು.

"ಮಡಚಿದ್ದೆಯಾ?" ಎಂದು ಗಂಡ ಕೇಳಿದ.

ಅದೊಂದನ್ನು ಮಾತ್ರ ಕೈ ಹೇಳಲಿಲ್ಲ. ಮಡಚಿದ್ದರೆ ಅದು ಒಳಗಿರುವ ಇಪ್ಪತ್ತೆಂಟನೆಯ ಸ್ಪ್ರಿಂಗ್, ಅಷ್ಟೇ. ತೆರೆದಿದ್ದರೆ? ದಿನಾ ಬೆಳಗಾದರೆ ಅವಳೇ ಕಲ್ಲಿಗೆ ಉಜ್ಜಿ ಹರಿತ ಮಾಡುತ್ತಿದ್ದ ಅಲಗು. ಅದರ ಮೇಲೆ ನೋವಿನಲ್ಲಿ ಧೊಪ್ಪನೆ ಕೂರುವ ಜನ. ಶನಿವಾರ ಸಂಜೆಯೇ ಎಷ್ಟು ಮಂದಿ ಕೂತೆದ್ದರೋ.

ಡಾಕ್ಟರ ಫೋನಿಗೆ ಕರೆ ಮಾಡಿದಳು. ಭಾನುವಾರ ಬೀಗ ಹಾಕಿದ ಆ ಕೋಣೆಯಲ್ಲಿ, ಹಸಿರು ಸೋಫಾದ ಎದುರಿಗೆ, ಫೋನು ತನ್ನಷ್ಟಕ್ಕೆ ಬಡಿದುಕೊಂಡು ಸುಮ್ಮನಾಯಿತು. ಯಾರೂ ಎತ್ತಲಿಲ್ಲವೆಂದು ಅವಳಿಗೆ ಒಂದು ಕ್ಷಣ ಹಗುರವೆನ್ನಿಸಿತು. ಹಗುರವೆನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ದೊಡ್ಡಪ್ಪನಿಗೆ ಹೇಳಿದಾಗ ಅವರು ನಗುತ್ತಾರೆಂದುಕೊಂಡಿದ್ದಳು. ನಗಲಿಲ್ಲ. ಬಾಗಿಲ ಕುರ್ಚಿಯನ್ನು ಒಳಕ್ಕೆ ಎಳೆದುಕೊಂಡು, ಬೀದಿಗೆ ಬೆನ್ನು ಹಾಕಿ ಕೂತು, ದನಿ ತಗ್ಗಿಸಿದರು.

"ನಾಳೆ ಹೋಗು. ಹೊಲಿಗೆ ಸೊಟ್ಟ ಆಗಿದೆ, ಒಂದು ದಿನ ವಾಪಸ್ ಕೊಡಿ, ಸರಿ ಮಾಡಿ ತರ್ತೀನಿ ಅನ್ನು. ಚಾಕು ಗೀಕು ಅಂತ ಬಾಯಿ ಬಿಡಬೇಡ."

"ಸುಳ್ಳು ಹೇಳಲಾ ದೊಡ್ಡಪ್ಪ?"

"ಸೊಟ್ಟ ಹೊಲಿದವಳನ್ನ ಊರು ವಾರದಲ್ಲಿ ಮರೆಯುತ್ತೆ. ಚಾಕು ಇಟ್ಟು ಹೊಲಿದವಳನ್ನ ಮರೆಯಲ್ಲ. ಬೋರ್ಡ್ ಮೇಲೆ ಈಗಷ್ಟೇ ನಿನ್ನ ಹೆಸರು ಬಂದಿದೆ, ಬಣ್ಣ ಆರಲಿ."

ನಿಮ್ಮ ಕನ್ನಡಕದ ಕಥೆ ಊರಿಗೆಲ್ಲ ಗೊತ್ತಲ್ಲ, ಅದರಿಂದ ಏನು ನಷ್ಟವಾಯಿತು ಎಂದು ಅವಳು ಕೇಳಿದಳು. ಕನ್ನಡಕದ ಮೇಲೆ ಕೂತವರಿಗೆ ರಕ್ತ ಬರಲ್ಲ ಎಂದರು ದೊಡ್ಡಪ್ಪ.

ಸೋಮವಾರ ಬೆಳಿಗ್ಗೆ ಸಲಕರಣೆಯ ಚೀಲ ಹಿಡಿದು ಹೊರಟಳು. ಮೊಳೆ ಎತ್ತಿಕೊಳ್ಳುವ ಅಯಸ್ಕಾಂತದ ಸುತ್ತಿಗೆಯನ್ನು ಸೋಫಾದ ಮೇಲೆ ಮೆಲ್ಲಗೆ ಆಡಿಸಿದರೆ ಚಾಕು ಸಿಗಬಹುದು ಎಂದು ದಾರಿಯಲ್ಲಿ ಹೊಳೆಯಿತು. ಒಳಗೆ ಇಪ್ಪತ್ತೇಳು ಉಕ್ಕಿನ ಸ್ಪ್ರಿಂಗುಗಳಿವೆ, ಸುತ್ತಿಗೆ ಎಲ್ಲ ಕಡೆಯೂ ಹೌದು ಎನ್ನುತ್ತದೆ ಎಂಬುದು ನಾಲ್ಕು ಹೆಜ್ಜೆ ನಡೆದ ಮೇಲೆ ಹೊಳೆಯಿತು.

ಬಾಗಿಲು ತೆರೆಯುವ ಮುಂಚೆಯೇ ಹೋಗಿ ಸೇರಬೇಕೆಂದಿದ್ದಳು. ಆದರೆ ಹಲ್ಲುನೋವು ಅವಳಿಗಿಂತ ಬೇಗ ಎದ್ದಿತ್ತು. ಕಾಯುವ ಕೋಣೆಯ ಸೋಫಾದಲ್ಲಿ ಆಗಲೇ ಇಬ್ಬರಿದ್ದರು. ಬಲಗಡೆ ಒಬ್ಬ ತೆಳ್ಳನೆಯ ಯುವಕ, ಕೂತದ್ದು ಸೋಫಾಗೇ ಗೊತ್ತಾಗದಷ್ಟು ಹಗುರ. ನಡುವೆ ಒಬ್ಬರು ಟೀಚರು, ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು. ಎಡಮೂಲೆಯಲ್ಲಿ, ಗೋಡೆಯ ಪಕ್ಕದಲ್ಲಿ, ಟೀಚರ ಕೈಚೀಲ ಕೂತಿತ್ತು. ಆ ಕೈಚೀಲ ಏಳದಿರಲಿ ಎಂದು ಸೋಫಾಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಚೀಟಿ ಬರೆಯುವ ಹುಡುಗಿ, ನಿಮಗೂ ಹಲ್ಲಾ ಎಂದು ಕೇಳಿದಳು. ಅಲ್ಲ, ಡಾಕ್ಟರನ್ನು ನೋಡಬೇಕು ಎಂದಳು. ಎಲ್ಲರೂ ಹಾಗೇ ಹೇಳ್ತಾರೆ, ಒಳಗೆ ಹೋದ ಮೇಲೆ ಹಲ್ಲೇ ಆಗಿರುತ್ತೆ ಎಂದಳು ಹುಡುಗಿ.

ಡಾಕ್ಟರು ಹೊರಗೆ ಬಂದರು. ಇವಳನ್ನು ಕಂಡು ಮುಖ ಅರಳಿತು. ಸೋಫಾ ನೋಡಿದವರೆಲ್ಲ ಹೊಗಳುತ್ತಿದ್ದಾರೆ ಎಂದರು. ಶನಿವಾರ ಒಬ್ಬರು ಕೂತಲ್ಲೇ ಗೊರಕೆ ಹೊಡೆದರು, ಹೆಸರು ಕೂಗಿದರೂ ಏಳಲಿಲ್ಲ ಎಂದು ಹುಡುಗಿ ಸೇರಿಸಿದಳು. ಸೋಫಾಕ್ಕ ದೊಡ್ಡಪ್ಪ ಹೇಳಿಕೊಟ್ಟ ಪಾಠ ಒಪ್ಪಿಸಿದಳು. ಹೊಲಿಗೆ ಸೊಟ್ಟವಾಗಿದೆ, ಒಂದು ದಿನ ವಾಪಸ್ ಕೊಟ್ಟರೆ ಸರಿ ಮಾಡುತ್ತೇನೆ.

ಡಾಕ್ಟರು ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು, ಸೋಫಾದ ಮುಂದೆ ಕುಕ್ಕರಗಾಲಲ್ಲಿ ಕೂತು, ಈ ತುದಿಯಿಂದ ಆ ತುದಿಯವರೆಗೆ ಅಂಚಿನ ಹುರಿ ನೋಡಿದರು.

"ಎಲ್ಲಿ ಸೊಟ್ಟ? ನಾನು ದಿನಾ ಬೆಳಗಾದ್ರೆ ಸೊಟ್ಟ ಹಲ್ಲು ನೋಡೋನು ಕಣಮ್ಮ. ನನ್ನ ಕಣ್ಣಿಗೆ ತಪ್ಪುತ್ತಾ?"

ಟೀಚರು ಕೆಂಪು ಪೆನ್ನಿನ ಮುಚ್ಚಳ ಹಾಕಿ, ಗೇಣು ಹಾಕಿ ಅಳೆದು ನೋಡಿ, ಪೂರ್ತಿ ಅಂಕ ಎಂದರು. ಆ ಯುವಕ ಕೂಡ ಬಗ್ಗಿ ನೋಡಿ, ಕೆನ್ನೆ ಹಿಡಿದುಕೊಂಡೇ, ಸರಿಯಾಗಿದೆಯೆಂದು ಕೈ ಸನ್ನೆ ಮಾಡಿದ. ಸೋಫಾಕ್ಕ ಬಟ್ಟೆಯ ಬಣ್ಣ ಬೇಗ ಹೋಗುತ್ತದೆ ಎಂದಳು. ಹೋಗಲಿ ಬಿಡಿ, ನನ್ನ ಕೂದಲಿನ ಬಣ್ಣ ಹೋಗಿಲ್ಲವೇ ಎಂದರು ಡಾಕ್ಟರು. ಸ್ಪ್ರಿಂಗ್ ಕಟ್ಟಿದ್ದು ಸಡಿಲ ಎಂದಳು. ಡಾಕ್ಟರು ಟೀಚರ ಪಕ್ಕದಲ್ಲಿ ಸಂದು ಮಾಡಿಕೊಂಡು ಕೂತು ಎರಡು ಸಲ ಮೇಲೆ ಕೆಳಗೆ ಕುಲುಕಿ, ಕಲ್ಲಿನ ಹಾಗಿದೆ, ಅಲ್ಲ, ಕಲ್ಲಿನ ಹಾಗಲ್ಲ, ಬೆಣ್ಣೆ ಹಚ್ಚಿದ ಕಲ್ಲಿನ ಹಾಗೆ ಎಂದರು. ಅವರು ಕುಲುಕಿದ್ದು ಎಡಮೂಲೆಗೆ ಒಂದು ಗೇಣು ಈಚೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಹೆತ್ತವಳೇ ಹೆಗ್ಗಣ ಹೆಗ್ಗಣ ಎಂದು ಬಡಿದುಕೊಳ್ಳುತ್ತಿದ್ದರೆ, ಊರವರು ಎತ್ತಿ ಮುದ್ದಾಡುತ್ತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಬೇಕರಿಯವನು ಬಂದಿದ್ದ. ಆಳು ದೊಡ್ಡವನು, ಊದಿದ ಒಂದು ಕೆನ್ನೆಯಿಂದಾಗಿ ಇನ್ನೂ ದೊಡ್ಡವನಾಗಿ ಕಾಣುತ್ತಿದ್ದ. ಯಾರನ್ನೂ ನೋಡದೆ ನೇರ ಸೋಫಾದ ಎಡಮೂಲೆಗೆ ನಡೆದ. ಡಾಕ್ಟರು ಎದ್ದು ಜಾಗ ಬಿಟ್ಟರು, ಟೀಚರು ಪಾಪ ಎಂದು ಕೈಚೀಲ ಎತ್ತಿಕೊಂಡರು. ಬೇಕರಿಯವನು ತಿರುಗಿ, ಎರಡೂ ಮೊಣಕಾಲಿನ ಮೇಲೆ ಕೈಯೂರಿ, ಕೂರಲು ಬಗ್ಗಿದ.

"ಅಲ್ಲಿ ಕೂರಬೇಡಿ," ಎಂದಳು ಸೋಫಾಕ್ಕ. "ಅದರೊಳಗೆ ನನ್ನ ಚಾಕು ಇದೆ."

ಒಂದು ಹಿಂಡು ಹಕ್ಕಿ ಹಾರಿದಂತೆ ಸೋಫಾದಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಬೇಕರಿಯವನು ಅರ್ಧ ಬಗ್ಗಿದಲ್ಲೇ ನಿಂತ. ಟೀಚರು ತಮ್ಮ ಹಿಂಬದಿಯನ್ನು ಕೈಯಿಂದ ಸವರಿ ನೋಡಿಕೊಂಡರು. ಉತ್ತರಪತ್ರಿಕೆಗಳು ನೆಲಕ್ಕೆ ಬಿದ್ದರೂ ಯಾರೂ ಹೆಕ್ಕಲಿಲ್ಲ.

"ಚಾಕು ಅಂದ್ರೆ?" ಎಂದರು ಡಾಕ್ಟರು.

"ನಂದೇ. ಹೊಲಿಯೋವಾಗ ಒಳಗೆ ಉಳೀತು. ತೆರೆದಿದೆಯೋ ಮಡಚಿದೆಯೋ ಗೊತ್ತಿಲ್ಲ."

"ಮತ್ತೆ ಸೊಟ್ಟ ಅಂದ್ರಿ?"

"ಸುಳ್ಳು ಹೇಳಿದೆ."

ಅವಳು ಮಂಡಿಯೂರಿ ಕೂತು ಚೀಲ ಬಿಚ್ಚಿದಳು. ಎಂಟು ದಿನ ಮುದ್ದಿನಿಂದ ಹಾಕಿದ ಹೊಲಿಗೆ ಎಷ್ಟು ಬಿಗಿಯಾಗಿತ್ತೆಂದರೆ ಕತ್ತರಿಯ ತುದಿ ಒಳಗೆ ಹೋಗಲಿಲ್ಲ. ಇಂಥ ಹೊಲಿಗೆಯನ್ನು ಬಿಚ್ಚಲು ಸರಿಯಾದದ್ದು ಒಂದೇ ಇತ್ತು, ಅದು ಒಳಗಿತ್ತು. ಡಾಕ್ಟರು ಒಳಗೆ ಹೋಗಿ, ಒಸಡು ಬಿಡಿಸುವ ಸಣ್ಣ ಅಲಗೊಂದನ್ನು ತಂದುಕೊಟ್ಟು, ಹಣೆಯ ದೀಪ ಹಚ್ಚಿ ಬಗ್ಗಿದರು. ಹೊಲಿಗೆ ಒಂದೊಂದಾಗಿ ಬಿಟ್ಟುಕೊಂಡಿತು. ಸೋಫಾದ ಮೂಲೆ ಆ ಅನ್ನುವಂತೆ ಬಾಯಿ ತೆರೆಯಿತು. ಅವಳು ಹತ್ತಿಯೊಳಗೆ ಎರಡು ಬೆರಳು ತೂರಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ತಡವಿದಳು. ಮರದ ಹಿಡಿ ಸಿಕ್ಕಿತು. ಹಿಡಿಯ ತುದಿಯಿಂದ ಮುಂದಕ್ಕೆ ಬೆರಳು ಸರಿಸಿದಳು, ನಿಲ್ಲಿಸಿದಳು.

ತೆರೆದಿತ್ತು.

ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಹೊರಗೆ ತೆಗೆದು, ಥಟ್ಟನೆ ಮಡಚಿ ಜೇಬಿಗೆ ಹಾಕಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಅಲಗನ್ನು ಹಾಗೇ ಎಲ್ಲರಿಗೂ ಕಾಣುವಂತೆ ಹಿಡಿದಳು. ದೀಪದ ಬೆಳಕಿಗೆ ಅದು ಚೆನ್ನಾಗಿಯೇ ಹೊಳೆಯಿತು. ಬೇಕರಿಯವನು ಅಲಗನ್ನು ನೋಡಿದ, ಸೋಫಾವನ್ನು ನೋಡಿದ, ಬಾಯಿ ತೆರೆಯಲು ಹೋಗಿ ನೋವಿಗೆ ಮುಚ್ಚಿಕೊಂಡ.

"ಶನಿವಾರ ಇಪ್ಪತ್ತೊಂದು ಜನ ಕೂತೆದ್ದಿದ್ದಾರೆ," ಎಂದರು ಡಾಕ್ಟರು. ಅವರ ದನಿಯಲ್ಲಿ ಬೆಣ್ಣೆಯೂ ಇರಲಿಲ್ಲ, ಕಲ್ಲೂ ಇರಲಿಲ್ಲ. "ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

"ಆಗಿಲ್ಲ ಅಂತ ನನಗೂ ಗೊತ್ತಿರಲಿಲ್ಲ. ನಿನ್ನೆಯಿಂದ ಅದೇ ಯೋಚನೆ."

ಡಾಕ್ಟರು, ಹೊಲಿಯಿರಿ ಎಂದಷ್ಟೇ ಹೇಳಿ, ದೀಪ ಆರಿಸಿ, ಆ ತೆಳ್ಳನೆಯ ಯುವಕನನ್ನು ಕರೆದುಕೊಂಡು ಒಳಗೆ ಹೋದರು.

ಅವಳು ಹೊಲಿದಳು. ಕಾಯುತ್ತಿದ್ದವರ ಚಪ್ಪಲಿಗಳು ಅವಳ ಸುತ್ತ ನಿಂತಿದ್ದವು. ಕೊನೆಯ ಹೊಲಿಗೆಗೆ ಮುಂಚೆ ಬೆರಳು ಮಡಚಿ ಎಣಿಸಿದಳು, ಈ ಸಲ ಆರು. ಗಂಟಿಟ್ಟು, ಅಂಗೈಯಿಂದ ಬಟ್ಟೆ ಸವರಿ ಎದ್ದಾಗ ಸೋಫಾ ಶನಿವಾರದಂತೆಯೇ ಇತ್ತು. ಎಡಮೂಲೆಯನ್ನು ತೆರೆದದ್ದು ಅವಳಿಗೂ ಕಾಣುತ್ತಿರಲಿಲ್ಲ.

ಆದರೆ ಯಾರೂ ಕೂರಲಿಲ್ಲ. ಟೀಚರು ಉತ್ತರಪತ್ರಿಕೆ ಹೆಕ್ಕಿಕೊಂಡು, ಹೊರಗೆ ನಿಲ್ಲಿಸಲ್ಪಟ್ಟ ವಿದ್ಯಾರ್ಥಿನಿಯಂತೆ ಗೋಡೆಗೊರಗಿ ನಿಂತರು. ಬೇಕರಿಯವನು ಕಿಟಕಿಯ ಸರಳು ಹಿಡಿದು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಹೊಸದಾಗಿ ಇಬ್ಬರು ಬಂದರು, ಹುಡುಗಿ ಚೀಟಿ ಬರೆಯುತ್ತ ಕಿವಿಯಲ್ಲಿ ಏನೋ ಹೇಳಿದಳು, ಅವರೂ ನಿಂತರು. ಅಷ್ಟು ಜನ ನಿಂತಿದ್ದ ಕೋಣೆಯ ನಡುವೆ ಹಸಿರು ಸೋಫಾ ಒಂಟಿಯಾಗಿತ್ತು. ದೊಡ್ಡಪ್ಪ ಹೇಳಿದ್ದು ಇದನ್ನೇ ಎಂದು ಸೋಫಾಕ್ಕನಿಗೆ ಅರ್ಥವಾಯಿತು. ಇವತ್ತು ಈ ಕೋಣೆ, ನಾಳೆ ಬೇಕರಿ, ನಾಡಿದ್ದು ಶಾಲೆ. ಚೀಲ ಕಟ್ಟಿಕೊಂಡು ಹೊರಟರೆ ಆಯಿತು, ಅವಳ ಕೆಲಸ ಮುಗಿದಿತ್ತು. ಬಾಗಿಲವರೆಗೆ ಹೋದಳು ಕೂಡ.

ವಾಪಸ್ ಬಂದು, ಎಡಮೂಲೆಯಲ್ಲಿ, ಬೆನ್ನನ್ನು ಪೂರ್ತಿ ಒರಗಿಸಿ ಕೂತಳು.

ಕಾಯಲು ಅವಳಿಗೆ ಏನೂ ಇರಲಿಲ್ಲ. ಗೋಡೆಯ ಮೇಲಿನ ದೊಡ್ಡ ದವಡೆಯ ಚಿತ್ರದಲ್ಲಿ ಮೇಲಿನ ಸಾಲು ಎಣಿಸಿದಳು, ಕೆಳಗಿನ ಸಾಲು ಎಣಿಸಿದಳು. ಯಾರೂ ಅವಳನ್ನು ನೇರ ನೋಡುತ್ತಿರಲಿಲ್ಲ, ಎಲ್ಲರೂ ನೋಡುತ್ತಿದ್ದರು. ಯುವಕ ಹೊರಗೆ ಬಂದ, ಟೀಚರ ಸರದಿಗೆ ಇನ್ನೂ ಹೊತ್ತಿತ್ತು, ಮೊದಲೇ ಸಮಯ ಗೊತ್ತುಮಾಡಿಕೊಂಡಿದ್ದ ಇನ್ಯಾರೋ ಒಳಗೆ ಹೋದರು.

ಆಗ ಒಬ್ಬ ಅಜ್ಜಿ ಬಂದರು. ತಲೆಯಿಂದ ಗದ್ದದವರೆಗೆ ಪಂಚೆಯ ತುಂಡೊಂದನ್ನು ಬಿಗಿದು ಕಟ್ಟಿಕೊಂಡಿದ್ದರು. ಹುಡುಗಿಯ ಪಿಸುಮಾತಿಗೆ ಕಾಯದೆ, ಇಷ್ಟು ದೊಡ್ಡ ಸೋಫಾ ಬಿಟ್ಟು ಇವರೆಲ್ಲ ಯಾಕೆ ನಿಂತಿದ್ದಾರೆ ಎಂದು ಸೋಫಾಕ್ಕನನ್ನೇ ಕೇಳಿದರು.

"ಇದರೊಳಗೆ ಒಂದು ಚಾಕು ಇತ್ತು ಅಜ್ಜಿ. ನಾನೇ ಮರೆತು ಇಟ್ಟು ಹೊಲಿದಿದ್ದೆ."

"ಈಗ ಇದೆಯಾ?"

"ಇಲ್ಲ. ಈಗ ತಾನೇ ತೆಗೆದೆ."

"ಹಾಗಾದ್ರೆ ಆ ಕಡೆ ಸರಿಯಮ್ಮ. ನನಗೆ ಗೋಡೆ ಪಕ್ಕ ಬೇಕು, ತಲೆ ಆನಿಸೋಕೆ."

ಸೋಫಾಕ್ಕ ನಡುವಿಗೆ ಸರಿದಳು. ಅಜ್ಜಿ ಎಡಮೂಲೆಯಲ್ಲಿ ಧೊಪ್ಪನೆ ಕೂತು, ಗೋಡೆಗೆ ತಲೆಯಾನಿಸಿ, ಕಣ್ಣು ಮುಚ್ಚಿದರು. ಕೋಣೆಯೆಲ್ಲ ಅವರ ಮುಖವನ್ನೇ ನೋಡಿತು. ಅಜ್ಜಿಯ ಮುಖದಲ್ಲಿ ಹಲ್ಲುನೋವು ಬಿಟ್ಟು ಬೇರೆ ಯಾವ ನೋವೂ ಕಾಣಲಿಲ್ಲ. ಬೇಕರಿಯವನು ಕಿಟಕಿಯ ಸರಳು ಬಿಟ್ಟು ಬಂದು ಬಲಗಡೆ ಕೂತ. ಇಪ್ಪತ್ತೇಳು ಸ್ಪ್ರಿಂಗುಗಳು ಒಟ್ಟಿಗೆ ಸಣ್ಣಗೆ ಉಸಿರು ಬಿಟ್ಟವು, ಆದರೆ ಒಂದೂ ನರಳಲಿಲ್ಲ.

ಇಬ್ಬರ ನಡುವಿನಿಂದ ಸೋಫಾಕ್ಕ ಮೆಲ್ಲಗೆ ಎದ್ದಳು. ಅವಳು ಎದ್ದ ಜಾಗಕ್ಕೆ ಟೀಚರು ಬಂದರು. ಕೂರುವ ಮುಂಚೆ ಮಾತ್ರ ಒಂದು ಸಲ, ಅಂಗೈಯಿಂದ ಒತ್ತಿ ನೋಡಿದರು.